ಒಂದೇ ಕೀ ಇರುವ ಮನೆ

ಶುಕ್ರವಾರದ ರಜೆಯೊಂದು ಶನಿವಾರ, ಭಾನುವಾರಕ್ಕೆ ಅಂಟಿಕೊಂಡು ಬಂತೆಂದರೆ ಎಲ್ಲರ ಮನೆಯಲ್ಲೂ ಬ್ಯಾಗು ತುಂಬುವ ಗಡಿಬಿಡಿ. ನಮ್ಮ ಚಿಕ್ಕಪ್ಪನಿಗೆ ಮಾತ್ರ ಸಾಮಾನಿನ ಡಬ್ಬಿ ತುಂಬುವ ಗಡಿಬಿಡಿ. ಚಿಕ್ಕಪ್ಪ ಬೀಗ ರಿಪೇರಿಯವರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೀ ಉಜ್ಜುತ್ತಿದ್ದಾರೆ. ಜನ ಸಾಲು ರಜೆಗೆಂದು ಸಮುದ್ರಕ್ಕೆ ಹೋಗುತ್ತಾರೆ, ಮನೆಯ ಕೀಯನ್ನು ಮರಳಿನಲ್ಲಿ ಕಳೆಯುತ್ತಾರೆ, ಭಾನುವಾರ ಸಂಜೆ ಬಿಸಿಲಿಗೆ ಸುಲಿದ ಮೂಗು ಹೊತ್ತುಕೊಂಡು ಬಂದು ತಮ್ಮದೇ ಮೆಟ್ಟಿಲ ಮೇಲೆ ಕೂತು ಚಿಕ್ಕಪ್ಪನಿಗೆ ಫೋನ್ ಮಾಡುತ್ತಾರೆ.

ಚಿಕ್ಕಪ್ಪ ಹೋಗಿ ಬಾಗಿಲ ಮುಂದೆ ಮಂಡಿಯೂರಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಎಲ್ಲಿಗೆ ಹೋಗಿದ್ರಿ?"

ಎರಡು ನಿಮಿಷದಲ್ಲಿ ತೆಗೆಯಬಹುದಾದ ಬೀಗವನ್ನು ಅವರ ಕಥೆ ಮುಗಿಯುವ ತನಕ ಎಳೆಯುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು. ಯಾವ ತೀರದಲ್ಲಿ ಅಲೆ ಜೋರು, ಎಲ್ಲಿ ಮಧ್ಯಾಹ್ನ ಮರಳು ಕಾಲು ಸುಡುತ್ತದೆ, ಎಲ್ಲಿ ದೋಣಿಯವನು ಹೇಳಿದ ಹೊತ್ತಿಗೆ ಬರುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಸ್ವಂತ ಕಣ್ಣಿಂದ ಸಮುದ್ರ ನೋಡಿದ್ದು ಮಾತ್ರ ಇಲ್ಲ. ಅವರು ನೋಡಿಲ್ಲ ಎಂದಮೇಲೆ ಚಿಕ್ಕಮ್ಮನೂ ನೋಡಿಲ್ಲ.

ಹಾಗೆಂದು ಹೊರಟೇ ಇಲ್ಲ ಎನ್ನುವಂತಿಲ್ಲ. ಏಳು ವರ್ಷದ ಹಿಂದೆ ಒಮ್ಮೆ, ನಾಲ್ಕು ವರ್ಷದ ಹಿಂದೆ ಇನ್ನೊಮ್ಮೆ ಹೊರಟಿದ್ದರು. ಎರಡು ಸಲವೂ ಬ್ಯಾಗು ಕೈಗೆತ್ತಿಕೊಳ್ಳುವಾಗ ಫೋನ್ ಬಂತು. ಎರಡು ಸಲವೂ ಚಿಕ್ಕಪ್ಪ "ಹತ್ತೇ ನಿಮಿಷ" ಎಂದು ಡಬ್ಬಿ ಹಿಡಿದು ಹೋದರು. ಬಸ್ಸು ಇವರ ಹತ್ತು ನಿಮಿಷಕ್ಕೆ ಕಾಯುತ್ತದೆಯೇ? ಮೊದಲ ಸಲ ಚಿಕ್ಕಮ್ಮ ಆಸೆಪಟ್ಟು ಕೊಂಡಿದ್ದ ಅಗಲ ಅಂಚಿನ ಟೋಪಿ ಏಳು ವರ್ಷದಿಂದ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು.

ಈ ಸಲ ರಜೆಗೆ ಇನ್ನೂ ಮೂರು ವಾರ ಇರುವಾಗಲೇ ಚಿಕ್ಕಮ್ಮ ನಮ್ಮ ಮನೆಗೆ ಬಂದರು. ನಾನಿರುವುದು ಅವರ ಮನೆಯಿಂದ ನಾಲ್ಕು ಮನೆ ಆಚೆ.

"ಫೋನಲ್ಲಿ ರೂಮು, ಬಸ್ಸು ಎಲ್ಲ ನೋಡಿ ಮಾಡ್ಕೊಡೇ. ಅವರು ಬಂದ್ರೂ ಸರಿ, ಬರದಿದ್ರೂ ಸರಿ, ನಾನಂತೂ ಈ ಸಲ ನೀರಿಗೆ ಕಾಲಿಡ್ತೀನಿ" ಎಂದರು. ಅರ್ಧ ಲೋಟ ಚಹಾ ಕುಡಿಯುವಷ್ಟರಲ್ಲಿ ದನಿ ಇಳಿಯಿತು. "ಆದ್ರೆ ಅವರು ಬರಬೇಕು ಕಣೇ. ಇಷ್ಟು ವರ್ಷ ಕಂಡೋರ ಸಮುದ್ರದ ಕಥೆ ಕೇಳಿದ್ದಾರೆ. ಒಂದು ಸಲ ತಮ್ಮದು ಅಂತ ಹೇಳ್ಕೊಳ್ಳೋದು ಬೇಡ್ವಾ?"

ನಾನು ಆಗಲೇ ಫೋನ್ ಎತ್ತಿಕೊಂಡೆ.

ಅಂದು ಸಂಜೆ ಅವರ ಊಟದ ಮೇಜಿನ ಸುತ್ತ ಮೂವರೂ ಕೂತೆವು. ನಾನು ಒಂದೊಂದೇ ರೂಮಿನ ಫೋಟೋ ತೋರಿಸಿದೆ. ಕಿಟಕಿಯ ತುಂಬ ನೀಲಿ ನೀರು, ಬಿಳಿ ಪರದೆ, ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ. ಚಿಕ್ಕಮ್ಮನ ಮುಖ ಊರಗಲವಾಯಿತು. ಚಿಕ್ಕಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿ, ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ, ಮೂಲೆಯಲ್ಲಿದ್ದ ಬಾಗಿಲನ್ನು ನೋಡಿದರು.

"ಈ ಬೀಗ ನಾನು ನಿದ್ದೆಗಣ್ಣಲ್ಲೇ ತೆಗೀತೀನಿ. ಬೇಡ. ಮುಂದಿನದು."

ಮುಂದಿನದರ ಚಿಲಕ ಸಡಿಲ. ಅದರ ಮುಂದಿನದಕ್ಕೆ ಕೀಯೇ ಇಲ್ಲ, ಕಾರ್ಡ್ ತೋರಿಸಿದರೆ ಬಾಗಿಲು ತೆರೆಯುತ್ತದಂತೆ. "ಕಾರ್ಡ್ ತೋರಿಸಿದ್ರೆ ತೆಗೆಯೋದಕ್ಕೆ ಅದೇನು ಬಾಗಿಲೋ, ಗುಮಾಸ್ತನೋ?" ಎಂದು ಅದನ್ನೂ ತಳ್ಳಿಹಾಕಿದರು. ಹೀಗೆ ಆರು ರೂಮು ಹೋದವು.

"ರೀ, ನಾವು ಹೋಗ್ತಿರೋದು ಸಮುದ್ರ ನೋಡೋಕಾ, ಬಾಗಿಲು ನೋಡೋಕಾ?" ಚಿಕ್ಕಮ್ಮ ಗದರಿದರು. ಏಳನೆಯದನ್ನು ಚಿಕ್ಕಪ್ಪನ ಕೈಗೇ ಕೊಡದೆ ನಾನು ಗೊತ್ತುಮಾಡಿಬಿಟ್ಟೆ. ಬಸ್ಸು ಶುಕ್ರವಾರ ಬೆಳಿಗ್ಗೆ ಏಳಕ್ಕೆ, ವಾಪಸ್ಸು ಭಾನುವಾರ ಸಂಜೆ.

ಆದರೆ ಚಿಕ್ಕಪ್ಪನ ಬತ್ತಳಿಕೆಯಲ್ಲಿ ಬಾಣಗಳು ಇನ್ನೂ ಇದ್ದವು. "ಮೂರು ದಿನ ನಾನಿಲ್ಲ ಅಂದ್ರೆ ಜನರ ಬೀಗ ಯಾರು ತೆಗೀತಾರೆ? ಸುತ್ತಿಗೆನಾ?"

ಸುತ್ತಿಗೆ ಎಂದರೆ ಮೇಲಿನ ಬೀದಿಯ ಇನ್ನೊಬ್ಬ ಬೀಗದವನು. ಹೆಸರಿಟ್ಟವರು ಚಿಕ್ಕಪ್ಪನೇ. "ಅವನು ಬೀಗ ತೆಗೆಯೋದಿಲ್ಲ, ಬಾಗಿಲು ಒಡೀತಾನೆ" ಎಂಬುದು ಅವರ ಅಭಿಪ್ರಾಯ. ಒಂದೇ ಕಸುಬಿನವರ ನಡುವಿನ ಪ್ರೀತಿ ಗೊತ್ತೇ ಇದೆಯಲ್ಲ.

"ಸರಿ, ನಮ್ಮ ಮನೆ ಯಾರು ನೋಡ್ಕೋತಾರೆ?" ಎಂದರು ಆಮೇಲೆ.

"ಕೀ ನನಗೆ ಕೊಡಿ ಚಿಕ್ಕಪ್ಪ, ದಿನಾ ಒಂದು ಸಲ ನೋಡಿ ಬರ್ತೀನಿ."

ಚಿಕ್ಕಪ್ಪ ಗಂಭೀರವಾದರು. "ಎರಡು ಕೈಯಲ್ಲಿ ಕೀ ಇದ್ರೆ ಅದು ಬೀಗ ಅಲ್ಲ."

ಇದೊಂದು ವಿಚಿತ್ರ. ಊರಿನ ಅರ್ಧ ಮನೆಗಳಿಗೆ ಎರಡನೇ ಕೀ ಮಾಡಿಕೊಟ್ಟ ಮನುಷ್ಯನ ಸ್ವಂತ ಮನೆಗೆ ಇರುವುದು ಒಂದೇ ಕೀ. ಬಾಗಿಲಿಗೆ ಅವರೇ ಕೂರಿಸಿದ ಬೀಗ, ಎಳೆದರೆ ತಾನಾಗಿ ಬೀಳುತ್ತದೆ, ಆ ಕೀ ಇಲ್ಲದೆ ತೆಗೆಯಲು ಯಾರಪ್ಪನಿಂದಲೂ ಆಗದು ಎಂಬ ಹೆಮ್ಮೆ. ಕೀ ಇರುವುದು ಕನ್ನಡಿಯ ಪಕ್ಕದ ಮೊಳೆಯಲ್ಲಿ.

ಶುಕ್ರವಾರ ಆರೂ ಕಾಲಿಗೆ ಅವರನ್ನು ಕಳಿಸಿಕೊಡಲು ಹೋದೆ. ಚಿಕ್ಕಮ್ಮನ ತಲೆಯ ಮೇಲೆ ಧೂಳು ಒರೆಸಿದ ಟೋಪಿ. ಬಾಗಿಲ ಒಳಗೆ, ಹೊಸ್ತಿಲ ಪಕ್ಕದಲ್ಲೇ ಚಿಕ್ಕಪ್ಪನ ಸಾಮಾನಿನ ಡಬ್ಬಿ. ನಾನು ಹುಬ್ಬೇರಿಸಿದೆ.

"ಅಲ್ಲೂ ಜನ ಇರ್ತಾರಲ್ಲ, ಯಾರದಾದ್ರೂ ಬೀಗ ಕೈಕೊಟ್ರೆ?" ಎಂದು ಚಿಕ್ಕಪ್ಪ ಕಣ್ಣು ತಪ್ಪಿಸಿದರು.

ಬಸ್ ನಿಲ್ದಾಣಕ್ಕೆ ಬಿಡಲು ಬಾಡಿಗೆ ಕಾರು ಬಂದು ಹಾರ್ನ್ ಹೊಡೆಯಿತು. ಚಿಕ್ಕಪ್ಪ ಬ್ಯಾಗುಗಳನ್ನು ಕಾರಿಗೆ ಹಾಕಿ, ಡಬ್ಬಿ ತರಲು ತಿರುಗುವಷ್ಟರಲ್ಲಿ ಚಿಕ್ಕಮ್ಮ ಹೊರಬಂದು ಬಾಗಿಲು ಎಳೆದರು. ಬೀಗ ಟಕ್ ಎಂದು ಬಿತ್ತು.

"ಕೀ?" ಎಂದರು ಚಿಕ್ಕಪ್ಪ.

"ಅಯ್ಯೋ, ನಿಮ್ಮ ಹತ್ರ ಇಲ್ವಾ?" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಇಂಗು ತಿಂದ ಮಂಗನಂತೆ ಬಾಗಿಲನ್ನೇ ನೋಡುತ್ತ ನಿಂತರು. ಕೀ ಒಳಗೆ. ಡಬ್ಬಿ ಒಳಗೆ. ಅಂಗಡಿಯ ಕೀ ಆ ಡಬ್ಬಿಯ ಒಳಗೆ. ಆ ಹೊತ್ತಿಗೇ ಸರಿಯಾಗಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮೂರನೇ ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ.

"ಹಲೋ... ಹೌದು, ಬೀಗದೋನೇ. ಬರೋಕಾಗಲ್ಲ ಸಾರ್. ಸಾಮಾನೆಲ್ಲ ಮನೆ ಒಳಗಿದೆ. ಮನೆ ಒಳಗೆ ಹೋಗೋಕೆ ಕೀ ಇಲ್ಲ." ಆ ಕಡೆಯವರು ನಗುವುದು ನನಗೂ ಕೇಳಿಸಿತು.

ಚಿಕ್ಕಮ್ಮ ಕಾರಲ್ಲಿ ಕೂತಾಗಿತ್ತು. "ನಾನು ಹೊರಟೆ. ನೀವು ಬರ್ತೀರೋ, ಬೀಗಕ್ಕೆ ಜೊತೆಯಾಗಿ ಇರ್ತೀರೋ?"

ಚಿಕ್ಕಪ್ಪ ಬಾಗಿಲು ನೋಡಿದರು, ಟೋಪಿ ನೋಡಿದರು. ಒಮ್ಮೆ ಬೀಗವನ್ನು ಎಳೆದು ಪರೀಕ್ಷಿಸಿದರು. "ಇರೋ ಒಂದು ಕೀನೂ ಒಳಗಿದೆ ಅಂದ್ಮೇಲೆ ಕಳ್ಳ ತಾನೇ ಏನು ಮಾಡ್ತಾನೆ?" ಎಂದು ತಮಗೆ ತಾವೇ ಹೇಳಿಕೊಂಡು ಕಾರು ಹತ್ತಿದರು. ಬರಿಗೈಯಲ್ಲಿ ಚಿಕ್ಕಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಭಾನುವಾರ ಸಂಜೆ ಕಾರಿನ ಸದ್ದು ಕೇಳಿ ಓಡಿದೆ. ಚಿಕ್ಕಪ್ಪ ತಮ್ಮದೇ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಮೂಗು ಸುಲಿದಿತ್ತು, ಪ್ಯಾಂಟಿನ ಮಡಿಕೆಯ ತುಂಬ ಮರಳು. ಫೋನಿನಲ್ಲಿ ಮಾತಾಡುತ್ತಿದ್ದರು. ಕರೆದದ್ದು ಸುತ್ತಿಗೆಯನ್ನು.

ಸುತ್ತಿಗೆ ಬಂದ. ನಾನು ಅಂದುಕೊಂಡಂತೆ ಭೀಮಕಾಯದವನಲ್ಲ, ತೆಳ್ಳಗಿನ ಮೆದುಮಾತಿನ ಮನುಷ್ಯ. ಹಂಗಿಸಲಿಲ್ಲ, ಹಲ್ಲು ಕಿರಿಯಲಿಲ್ಲ. ಬಾಗಿಲ ಮುಂದೆ ಮಂಡಿಯೂರಿ, ಸಣ್ಣ ಕಡ್ಡಿಯೊಂದನ್ನು ಬೀಗಕ್ಕೆ ತೂರಿಸಿ, ತಲೆಯೆತ್ತದೆ ಕೇಳಿದ:

"ಎಲ್ಲಿಗೆ ಹೋಗಿದ್ರಿ ಅಣ್ಣ?"

ಚಿಕ್ಕಪ್ಪ ಪ್ಯಾಂಟಿನ ಮರಳು ಕೊಡವುತ್ತ, "ಸಮುದ್ರಕ್ಕೆ" ಎಂದರು.

ಶುರುವಾಯಿತು ನೋಡಿ. ಮೊದಲ ಅಲೆ ಚಪ್ಪಲಿ ಒಯ್ದದ್ದು, ಎರಡನೆಯದು ಅದನ್ನು ತಂದುಕೊಟ್ಟದ್ದು. ಇವಳು ಟೋಪಿ ಹಿಡಿದುಕೊಂಡು ಮಗುವಿನಂತೆ ಕಿರುಚಿದ್ದು. ಜನ ಇಷ್ಟು ವರ್ಷ ಏನೇನೋ ಹೇಳಿದ್ದರು, ಆದರೆ ಅದರ ಸದ್ದು ಎದೆಯೊಳಗೆ ಬರುತ್ತದೆಂದು ಒಬ್ಬರೂ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಚಿಕ್ಕಪ್ಪ ಎದ್ದು ನಿಂತು ಎರಡೂ ಕೈ ಅಗಲಿಸಿ ಅಲೆ ಎಷ್ಟೆತ್ತರವಿತ್ತೆಂದು ತೋರಿಸಿದರು. ಸುತ್ತಿಗೆಯ ಕಡ್ಡಿ ಬೀಗದಲ್ಲಿ ನಿಂತೇಹೋಗಿತ್ತು.

ಚಿಕ್ಕಮ್ಮ ನನ್ನ ಮೊಣಕೈ ತಿವಿದು, ಕೈಚೀಲವನ್ನು ಸ್ವಲ್ಪವೇ ತೆರೆದು ತೋರಿಸಿದರು. ಬಾಚಣಿಗೆಯ ಪಕ್ಕದಲ್ಲಿ, ಕನ್ನಡಿಯ ಮೊಳೆಯಲ್ಲಿ ಇರಬೇಕಾಗಿದ್ದ ಕೀ.

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಚೀಲ ಮುಚ್ಚಿ, "ಶ್! ಸ್ವಲ್ಪ ತಡಿ. ಅವರು ಹೇಳಿ ಮುಗಿಸಲಿ" ಎಂದರು.