ನನ್ನ ಹೆಸರಿಗೊಂದು ರೈಫಲ್

ಅಬುಧಾಬಿ ಸೀಮೆಯ ಈ ರುವೈಸ್‌ನಲ್ಲಿ ನನ್ನ ವಯಸ್ಸಿನ ಹೆಂಗಸರಿಗೆ ಯಾವ ಹವ್ಯಾಸಗಳು ಒಪ್ಪುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವಂಥದ್ದೇ. ಭಜನೆ, ಬಾಲ್ಕನಿಯಲ್ಲಿ ಬಸಳೆ, ಸಂಜೆ ಕಂಪನಿ ಕಾಲನಿಗೆ ನಾಲ್ಕು ಸುತ್ತು ನಡಿಗೆ. ಬಸಳೆಯನ್ನು ನಾನೂ ಬೆಳೆಸಿದ್ದೇನೆ, ಚೆನ್ನಾಗಿಯೇ ಬಂದಿದೆ. ಆದರೆ ಐವತ್ತೊಂದನೆಯ ವಯಸ್ಸಿನಲ್ಲಿ ನನಗೊಂದು ರೈಫಲ್ ಬೇಕು, ಅದೂ ನನ್ನ ಹೆಸರಿನಲ್ಲೇ ಬೇಕು ಎಂದು ಹಠ ಹಿಡಿದೆ. ಆಗ ಆದ ರಾದ್ಧಾಂತವನ್ನು ಬರೆಯುತ್ತಿದ್ದೇನೆ. ನಾಚಿಕೆಯಿಂದ ಖಂಡಿತ ಅಲ್ಲ.

ನಾನು ಉಡುಪಿ ಕಡೆಯವಳು. ಇಲ್ಲಿನ ಒಂದು ರಿಫೈನರಿಯ ಲ್ಯಾಬಿನಲ್ಲಿ ಹದಿನೆಂಟು ವರ್ಷಗಳಿಂದ ಟೆಕ್ನಿಶಿಯನ್. ಯಜಮಾನರು ಇದೇ ಊರಿನ ಇನ್ನೊಂದು ಕಂಪನಿಯಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಅವರೂ ಅವರ ಮೂವರು ಗೆಳೆಯರೂ, ಎಲ್ಲ ನಮ್ಮ ತುಳುನಾಡಿನವರೇ, ತಿಂಗಳಿಗೆರಡು ಶನಿವಾರ ಅಬುಧಾಬಿಯ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದರು. ಎರಡೂವರೆ ತಾಸಿನ ದಾರಿ. ನಾನೂ ಜೊತೆಗೆ ಹೋಗುತ್ತಿದ್ದೆ. ಚಹಾದ ಫ್ಲಾಸ್ಕು, ಚಟ್ಟಂಬಡೆಯ ಡಬ್ಬಿ ಹೊತ್ತು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಬರೆದುಕೊಳ್ಳುವುದು ನನ್ನ ಕೆಲಸ. ಕ್ಲಬ್ಬಿನ ಬಾಡಿಗೆ ರೈಫಲ್ಲಿನಲ್ಲಿ ಗಂಡಸರು ಹೊಡೆದು ಮುಗಿಸಿದ ಮೇಲೆ ಉಳಿದ ಐದು ಗುಂಡು ನನಗೆ. ಆ ಐದರಲ್ಲಿ ನಾಲ್ಕು ಕಪ್ಪು ವೃತ್ತದೊಳಗೆ ಬೀಳುತ್ತಿದ್ದವು. ಅಂಕ ಬರೆಯುವವಳು ನಾನೇ ಆದ್ದರಿಂದ ಯಾರ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಿದರೆ, "ಐದೇ ಅಲ್ವ, ಲಕ್ಕು" ಎನ್ನುತ್ತಿದ್ದರು.

ಕೋವಿ ನನಗೆ ಹೊಸದಲ್ಲ. ಊರಲ್ಲಿ ಅಪ್ಪನ ಹತ್ತಿರ ಲೈಸೆನ್ಸಿನ ಒಂಟಿ ನಳಿಗೆಯ ಕೋವಿಯೊಂದಿತ್ತು, ಗದ್ದೆಗೆ ನುಗ್ಗುವ ಹಂದಿಗಳನ್ನು ಹೆದರಿಸಲಿಕ್ಕೆ. ಅದರ ನಳಿಗೆಗೆ ಬಟ್ಟೆ ತೂರಿಸಿ ಎಣ್ಣೆ ಹಚ್ಚಿ ಒರೆಸುವುದು ನನ್ನ ಪಾಲಿನ ಕೆಲಸವಾಗಿತ್ತು. ಪ್ರತಿ ಚುನಾವಣೆಗೆ ಮೊದಲು ಊರಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಆಗ ಅಪ್ಪನ ಹಿಂದೆ ನಡೆದುಕೊಂಡು ಹೋಗಿ ಠಾಣೆಯಿಂದ ರಸೀದಿ ತೆಗೆದುಕೊಂಡು ಜೋಪಾನ ಮಾಡುತ್ತಿದ್ದವಳೂ ನಾನೇ. ಹೊಡೆಯಲು ಮಾತ್ರ ಅಣ್ಣಂದಿರು. ಅಪ್ಪನ ಮೇಲೆ ನನಗೆ ಪ್ರೀತಿ ಇತ್ತು, ಈ ವಿಷಯದಲ್ಲಿ ಸಿಟ್ಟೂ ಇತ್ತು, ಈಗಲೂ ಇದೆ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕ್ಲಬ್ಬಿಗೆ ಒಂದಷ್ಟು ಹಳೆಯ ರೈಫಲ್ಲುಗಳು ಬಂದವು. ಎಲ್ಲಿಯದೋ ದಾಸ್ತಾನಿನಲ್ಲಿ ಮಿಕ್ಕಿದ್ದವು, ಎಲ್ಲವೂ ಸೆಮಿ ಆಟೊಮ್ಯಾಟಿಕ್: ಕುದುರೆ, ಅಂದರೆ ಟ್ರಿಗರ್, ಒಮ್ಮೆ ಎಳೆದರೆ ಒಂದು ಗುಂಡು, ಮುಂದಿನದು ತಾನಾಗಿ ಬಂದು ಕೂರುತ್ತದೆ. ಇಲ್ಲಿ ನಮ್ಮಂಥವರು ಬಂದೂಕನ್ನು ಮನೆಗೆ ತರುವ ಮಾತೇ ಇಲ್ಲ. ಆದರೆ ಸದಸ್ಯರು ಹೊಸ ರೈಫಲ್ಲಿನ ಬೆಲೆಯ ಒಂದು ಚೂರು ಕಟ್ಟಿದರೆ, ಇವುಗಳಲ್ಲಿ ಒಂದರ ನಂಬರನ್ನು ವರ್ಷದ ಮಟ್ಟಿಗೆ ಅವರ ಹೆಸರಿಗೆ ಬರೆದು ಕ್ಲಬ್ಬಿನ ಬೀಗದ ಕೋಣೆಯಲ್ಲೇ ಇಡುತ್ತಾರೆ. ಬೇರೆ ಯಾರೂ ಮುಟ್ಟುವಂತಿಲ್ಲ. ಈ ಕೊನೆಯ ವಾಕ್ಯ ಓದಿದಾಗಲೇ ನನ್ನ ತಲೆ ಕೆಟ್ಟಿದ್ದು.

ಮೇಜಿನ ಮೇಲೆ ಮೂರು ಬಗೆ ಇಟ್ಟಿದ್ದರು, ಗುಂಡಿನ ಗಾತ್ರದ ಅಂಕಿಯೇ ಒಂದೊಂದರ ಹೆಸರು. ಮರದ ಹಿಡಿಯ ಭಾರದ್ದು, ಸೆವೆನ್ ಸಿಕ್ಸ್ ಟೂ ಗುಂಡಿನದು. ಅದಕ್ಕಿಂತ ಹಗುರಾದ ಕಪ್ಪನೆಯದು, ಫೈವ್ ಫೈವ್ ಸಿಕ್ಸ್. ಮೂರನೆಯದು ತರಬೇತಿಗೆಂದೇ ಮಾಡಿದ ಸಪೂರದ ಪಾಯಿಂಟ್ ಟೂ ಟೂ. ಇದರ ಗುಂಡು ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಬಂದೂಕು ಕೋಣೆಯನ್ನು ನೋಡಿಕೊಳ್ಳುವವರು ಪೇಶಾವರ ಕಡೆಯ ನಿವೃತ್ತ ಹವಾಲ್ದಾರರು, ಒಳ್ಳೆಯ ಮನುಷ್ಯ. ಅವರು ಟೂ ಟೂವನ್ನು ನನ್ನ ಕಡೆ ಸರಿಸಿ, "ಬೆಹೆನ್‌ಜಿ, ಯೇ ಆಪ್ ಕೇ ಲಿಯೇ ಠೀಕ್ ಹೈ" ಎಂದರು.

ನನಗೆ ಇದು ಸರಿ ಎಂದು ನಾನು ಮುಟ್ಟುವ ಮೊದಲೇ ಹೇಳಿದ್ದರಿಂದ, ಹಠಕ್ಕೆ ಬಿದ್ದು ದೊಡ್ಡದನ್ನೇ ಎತ್ತಿಕೊಂಡೆ. ಹತ್ತು ಗುಂಡು ಹೊಡೆದೆ. ಹೊಡೆಯಲು ಬರುತ್ತದೆ, ಆ ವಿಷಯದಲ್ಲಿ ಸಂಶಯ ಬೇಡ. ಆದರೆ ಭುಜ ನಾಲ್ಕು ದಿನ ಬದನೆಕಾಯಿ ಬಣ್ಣಕ್ಕಿತ್ತು, ಮತ್ತು ಆ ಹತ್ತು ಗುಂಡಿನ ಬೆಲೆಗೆ ಟೂ ಟೂವಿನ ಒಂದು ದೊಡ್ಡ ಪೆಟ್ಟಿಗೆಯೇ ಬರುತ್ತಿತ್ತು. ಕ್ಲಬ್ಬಿನಲ್ಲಿದ್ದ ಅಗ್ಗದ ಸೆವೆನ್ ಸಿಕ್ಸ್ ಟೂ ಗುಂಡುಗಳೋ, ಹಳೆಯ ದಾಸ್ತಾನಿನವು. ಅವನ್ನು ಹೊಡೆದರೆ ಒಳಗೆ ಉಪ್ಪಿನಂಥದ್ದು ಉಳಿಯುತ್ತದೆ, ಅದೇ ದಿನ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ನಮ್ಮ ನಾಲ್ವರು ಗಂಡಸರು ಇದನ್ನು ತೆಗೆದುಕೊಂಡರೆ ನಳಿಗೆ ತೊಳೆಯುವವರು ಯಾರು ಎಂದು ಕೇಳುವುದೇ ಬೇಡ.

ನಮ್ಮ ಲ್ಯಾಬಿನಲ್ಲಿ ಒಂದೇ ರೀಡಿಂಗಿಗೆ ಕಿಮ್ಮತ್ತಿಲ್ಲ. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಅಳೆದು, ಪ್ರತಿ ಸಲ ಹತ್ತಿರದ ಉತ್ತರವೇ ಬಂದರೆ ಮಾತ್ರ ನಂಬುತ್ತೇವೆ. ಗುರಿಯೂ ಹಾಗೆಯೇ ಎಂದು ನನ್ನ ಲೆಕ್ಕ. ಐದು ಗುಂಡಿನಲ್ಲಿ ಲಕ್ಕು ಎನ್ನಬಹುದು, ಇನ್ನೂರು ಗುಂಡಿನಲ್ಲಿ ಹಾಗೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಇನ್ನೂರು ಹೊಡೆಯಲು ನನ್ನ ಸಂಬಳಕ್ಕೆ ಎಟಕುವುದು ಟೂ ಟೂ ಒಂದೇ. ಹೀಗೆ ಹವಾಲ್ದಾರರು ಹೇಳಿದ್ದನ್ನೇ ನಾನು ಆರಿಸಿದೆ, ಆದರೆ ನನ್ನದೇ ಕಾರಣಕ್ಕೆ. ಇದನ್ನು ಅವರಿಗೂ ಹೇಳಿದೆ. ಅವರು ನಕ್ಕರು.

ಮುಂದಿನ ಶನಿವಾರ ಮೂರು ಕಂಪನಿಗಳ ಟೂ ಟೂ ಗುಂಡುಗಳನ್ನು ಐವತ್ತೈವತ್ತು ಹೊಡೆದು ಬರೆದುಕೊಂಡೆ. ಅತಿ ಅಗ್ಗದ್ದಕ್ಕೆ ಖಾಲಿ ಕವಚವನ್ನು ಹೊರಗೆಸೆಯುವಷ್ಟು ಬಲವಿಲ್ಲ, ಐವತ್ತರಲ್ಲಿ ಆರು ಸಲ ಸಿಕ್ಕಿಕೊಂಡಿತು. ನಡುವಣ ಬೆಲೆಯದು ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಅತಿ ದುಬಾರಿಯದೂ ಸಿಕ್ಕಿಕೊಳ್ಳಲಿಲ್ಲ, ಹಾಗೆಂದು ಅದಕ್ಕಿಂತ ನೆಟ್ಟಗೂ ಹೋಗಲಿಲ್ಲ. ಅಲ್ಲಿಗೆ ಗುಂಡಿನ ವಿಷಯ ಖಲಾಸ್.

ವಾಪಸು ಬರುವ ದಾರಿಯಲ್ಲಿ ಕಾರಿನಲ್ಲಿ ವಿಷಯ ತೆಗೆದೆ. ಗಂಡಸರು ಆಗಲೇ ಅವರೊಳಗೆ ತೀರ್ಮಾನ ಮಾಡಿಬಿಟ್ಟಿದ್ದರು: ಎಲ್ಲರೂ ಸೇರಿ ದೊಡ್ಡದನ್ನು ಯಜಮಾನರ ಹೆಸರಿನಲ್ಲಿ ತೆಗೆದುಕೊಳ್ಳುವುದು. ಐದನೆಯ ಪಾಲು ನನ್ನದು.

"ಟೂ ಟೂ ಎಂಥಕ್ಕೆ ಮಾರಾಯ್ತಿ, ಕಾಗೆ ಓಡಿಸ್ಲಿಕ್ಕಾ?" ಎಂದರು ಯಜಮಾನರು. ಹಿಂದಿನ ಸೀಟಿನಲ್ಲಿದ್ದ ಗೆಳೆಯರು ನಕ್ಕರು.

"ಗುರಿಗೆ ಹೊಡೀಲಿಕ್ಕೆ. ನಿಮ್ಮ ದೊಡ್ಡದ್ರಲ್ಲಿ ನಂಗೆ ಎಷ್ಟು ಗುಂಡು ಸಿಗ್ತದೆ?"

"ಸಿಗ್ತದೆ ಮಾರಾಯ್ತಿ, ಎಲ್ಲರದ್ದು ಆದ ಮೇಲೆ."

"ಹಾಗಾದ್ರೆ ನನ್ನ ಪಾಲು ಬೇಡ. ನಾನು ಬೇರೆ ತೆಗೊಳ್ತೇನೆ."

ಯಜಮಾನರು ರೇಡಿಯೊ ಹಾಕಿದರು. ಐದನೆಯ ಪಾಲು ತಪ್ಪಿದರೆ ಅವರ ಯೋಜನೆಯೇ ಕುಸಿಯುತ್ತದೆ ಎಂಬುದು ನನಗೂ ಗೊತ್ತಿತ್ತು.

ಮನೆಗೆ ಬಂದು ಕ್ಲಬ್ಬಿನ ಅರ್ಜಿ ತುಂಬಲು ಕೂತೆ. ಎರಡನೆಯ ಪುಟದಲ್ಲಿ ಸ್ಪಾನ್ಸರ್‌ನ ಎನ್‌ಒಸಿ ಲಗತ್ತಿಸಿ ಎಂದಿತ್ತು. ಇಲ್ಲಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಊರಿನವರಿಗಾಗಿ ಹೇಳುತ್ತೇನೆ. ನಿಮ್ಮ ವೀಸಾ ಯಾರ ಕೈಯಲ್ಲಿದೆಯೋ ಅವರು ನಿಮ್ಮ ಸ್ಪಾನ್ಸರ್. ಅವರು 'ನನ್ನ ಆಕ್ಷೇಪವಿಲ್ಲ' ಎಂದು ಬರೆದು ಸಹಿ ಹಾಕಿದ ಕಾಗದವೇ ಎನ್‌ಒಸಿ. ನಾನು ದುಡಿಯುವವಳಾದರೂ ಮೊದಲಿನಿಂದಲೂ ಗಂಡನ ವೀಸಾದಲ್ಲೇ ಇದ್ದೆ. ನಮ್ಮಲ್ಲಿ ಬಹಳ ಹೆಂಗಸರು ಹಾಗೆಯೇ. ಕೆಲಸಕ್ಕೆ ಸೇರುವಾಗ ವೀಸಾ ಹೇಗೂ ಇತ್ತು, ಕಂಪನಿಗೂ ಖರ್ಚು ಉಳಿಯಿತು, ಯಾರೂ ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ಆ ಕೆಲಸಕ್ಕೆ ಸೇರಲೂ ಯಜಮಾನರ ಎನ್‌ಒಸಿ ಕೊಟ್ಟಿದ್ದೆ. ಆಗ ಅದು ಬರೀ ಒಂದು ಕಾಗದ ಎನಿಸಿತ್ತು.

ಕಾಗದವನ್ನು ಅವರ ಮುಂದಿಟ್ಟೆ. ಓದಿ, ಕನ್ನಡಕ ತೆಗೆದು, "ನೋಡುವ" ಎಂದರು. ನಮ್ಮ ಕಡೆ ನೋಡುವ ಎಂದರೆ ಇಲ್ಲ ಎಂದೇ ಅರ್ಥ. ವಾರ ಕಳೆಯಿತು. ಮತ್ತೆ ಕೇಳಿದೆ. "ನಮ್ಮೊಟ್ಟಿಗೆ ಸೇರು, ಸುಮ್ಮನೆ ಬೇರೆ ಯಾಕೆ? ಅವರೆದುರು ನಂಗೆ ಮರ್ಯಾದೆ ಬೇಡ್ವಾ?" ಎಂದರು. ಜಗಳವಾಡುವವರಲ್ಲ ಅವರು, ದನಿಯನ್ನೇ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು. ಜಗಳವಾಡಿದರೆ ತಿರುಗಿ ಹೇಳಬಹುದು, ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಕಾಗದಕ್ಕೆ ಏನು ಹೇಳುವುದು?

ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋನು ಮಾಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತುಳುವಿನಲ್ಲಿ ಕಕ್ಕಿದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲಿ, "ಅಮ್ಮ, ವೈ ಆರ್ ಯು ಸ್ಟಿಲ್ ಆನ್ ಹಿಸ್ ವೀಸಾ?" ಎಂದಳು. ಅವಳಿಗೆ ಅದು ಸಾದಾ ಪ್ರಶ್ನೆ.

ಮರುದಿನವೇ ನಮ್ಮ ಎಚ್‌ಆರ್ ವಿಭಾಗಕ್ಕೆ ಹೋದೆ. ಅಲ್ಲಿನ ಮಲಯಾಳಿ ಹುಡುಗಿ, ಕಂಪನಿ ವೀಸಾ ಕೊಡುವುದಕ್ಕೆ ಅಡ್ಡಿಯಿಲ್ಲ, ಆಮೇಲೆ ಯಾವ ಎನ್‌ಒಸಿ ಬೇಕಿದ್ದರೂ ಒಂದೇ ದಿನದಲ್ಲಿ ಕೊಡುತ್ತೇವೆ ಎಂದಳು. ಆದರೆ ಮೊದಲು ಈಗಿನ ವೀಸಾ ರದ್ದಾಗಬೇಕು. ರದ್ದತಿಯ ಅರ್ಜಿಗೆ ಸಹಿ ಹಾಕಬೇಕಾದವರು ಸ್ಪಾನ್ಸರ್. ಅಂದರೆ ಅವರಿಂದ ಬಿಡಿಸಿಕೊಳ್ಳಲಿಕ್ಕೂ ಅವರದೇ ಸಹಿ ಬೇಕು. ಎಲ್ಲ ಮುಗಿಯಲು ಎಷ್ಟು ದಿನ ಎಂದು ಕೇಳಿದೆ. ಮೂರು ವಾರ, ನಾಲ್ಕೂ ಆಗಬಹುದು ಎಂದಳು. ಆರಿಸಿದ ರೈಫಲ್ಲನ್ನು ಕ್ಲಬ್ಬಿನವರು ಕಾದಿರಿಸುವ ಕೊನೆಯ ದಿನಾಂಕಕ್ಕೆ ಮೂರು ವಾರವಷ್ಟೇ ಉಳಿದಿತ್ತು. ತಡವಾದರೆ ನಾನು ಆರಿಸಿಟ್ಟ ರೈಫಲ್ ಇನ್ನೊಬ್ಬರ ಪಾಲಾಗುತ್ತದೆ. ಆದರೂ ಟೈಪಿಂಗ್ ಸೆಂಟರಿಗೆ ಹೋಗಿ ರದ್ದತಿ ಅರ್ಜಿ ಟೈಪ್ ಮಾಡಿಸಿಕೊಂಡೇ ಬಂದೆ.

ಭಾನುವಾರ ಬೆಳಿಗ್ಗೆ ನೀರುದೋಸೆ ತಿಂದಾದ ಮೇಲೆ ಮೇಜು ಒರೆಸಿ, ಎರಡೂ ಕಾಗದಗಳನ್ನು ಅವರ ಮುಂದೆ ಅಕ್ಕಪಕ್ಕ ಇಟ್ಟೆ.

"ಇದೆಂಥ ಇನ್ನೊಂದು?"

"ವೀಸಾ ಕ್ಯಾನ್ಸಲ್ ಮಾಡುವ ಅರ್ಜಿ. ಕಂಪನಿ ವೀಸಾಕ್ಕೆ ಹೋಗ್ತೇನೆ. ನಿಮ್ಗೆ ಯಾವುದಕ್ಕೆ ಮನಸ್ಸುಂಟೋ ಅದಕ್ಕೆ ಸಹಿ ಹಾಕಿ."

ಅವರು ಎರಡನ್ನೂ ಎರಡೆರಡು ಸಲ ಓದಿದರು. ಮುಖ ಸಣ್ಣದಾಯಿತು. ನನಗೆ ಕನಿಕರ ಬಂತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಇಪ್ಪತ್ತೇಳು ವರ್ಷ ಒಟ್ಟಿಗೆ ಬಾಳಿದ ಮನುಷ್ಯ. ನನಗೆ ಅವರನ್ನು ಬಿಡುವ ಯೋಚನೆಯಿರಲಿಲ್ಲ, ಇದು ಅವರಿಗೂ ಗೊತ್ತಿತ್ತು.

"ಒಂದು ಕೋವಿಗೋಸ್ಕರ ಇಷ್ಟೆಲ್ಲ ಬೇಕಾ?"

"ಶುರುವಾದ್ದು ಕೋವಿಗೋಸ್ಕರವೇ."

ಅವರು ಪೆನ್ನು ತೆಗೆದು ಎನ್‌ಒಸಿಗೆ ಸಹಿ ಹಾಕಿದರು. "ಆಯ್ತಲ್ಲ ಈಗ? ಆ ಇನ್ನೊಂದನ್ನು ಹರಿದು ಹಾಕು" ಎಂದು ಕಾಗದವನ್ನು ನನ್ನ ಕಡೆ ತಳ್ಳಿದರು.

ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸಹಿ ಹಾಕಲು ಅವರಿಗೆ ಮೂರು ಸೆಕೆಂಡೂ ಬೇಕಾಗಿರಲಿಲ್ಲ. ಅದಕ್ಕಾಗಿ ನಾನು ಎರಡು ವಾರ ಅಡುಗೆಮನೆಯಿಂದ ಮೇಜಿನ ಕಡೆ ಇಣುಕಿ ಇಣುಕಿ ನೋಡಿದ್ದೆ, ಸಹಿ ಬಿತ್ತೇ ಎಂದು. ಮುಂದಿನ ವರ್ಷ ರೈಫಲ್ ನವೀಕರಿಸುವಾಗ ಮತ್ತೆ ನೋಡಬೇಕು, ಅದರ ಮುಂದಿನ ವರ್ಷ ಮತ್ತೆ. ರದ್ದತಿ ಅರ್ಜಿಯನ್ನು ಅವರ ಕೈಯ ಕೆಳಗೆ ಸರಿಸಿದೆ.

"ಇದಕ್ಕೂ ಹಾಕಿ."

"ಯಾಕೆ? ನಾನು ಕೊಟ್ಟೆನಲ್ಲ."

"ನೀವು ಕೊಟ್ರಿ. ಅದೇ ಬೇಡ ನಂಗೆ."

ಈ ಸಲ ಬಹಳ ಹೊತ್ತು ಹಿಡಿಯಿತು. ಫ್ಯಾನಿನ ಗಾಳಿಗೆ ಏಳುತ್ತಿದ್ದ ಕಾಗದದ ಅಂಚನ್ನು ನಾನೇ ಒತ್ತಿ ಹಿಡಿದೆ. ಸಹಿ ಬಿದ್ದ ಮೇಲೆ ಅದನ್ನು ಫೈಲಿಗೆ ಸೇರಿಸಿ, ಎನ್‌ಒಸಿಯನ್ನು ಅವರೆದುರೇ ಎರಡು ತುಂಡು ಮಾಡಿದೆ. ಅವರು ಎದ್ದು ಚಹಾಕ್ಕೆ ನೀರಿಟ್ಟರು. ಇಬ್ಬರಿಗೂ ಆಗುವಷ್ಟು ಇಟ್ಟರು.

ಕಂಪನಿ ವೀಸಾ ಬರುವಾಗ ಇಪ್ಪತ್ತಾರು ದಿನವಾಗಿತ್ತು. ನಾನು ಆರಿಸಿದ್ದ ರೈಫಲ್ ಹೋಗಿಬಿಟ್ಟಿತ್ತು. ಟೂ ಟೂಗಳಲ್ಲಿ ಯಾರಿಗೂ ಬೇಡವಾಗಿ ಉಳಿದಿದ್ದದ್ದು ಒಂದೇ. ಅದು ಎಡಕ್ಕೆ ಹೊಡೆಯುತ್ತದೆ ಎಂದು ಹವಾಲ್ದಾರರು ಮೊದಲೇ ಎಚ್ಚರಿಸಿದರು. ಅದನ್ನೇ ಬರೆಸಿಕೊಂಡೆ. ಎಡಕ್ಕೆ ಹೊಡೆಯುವುದು ನಿಜ. ಎಷ್ಟು ಎಡಕ್ಕೆ ಎಂದು ಇನ್ನೂರು ಗುಂಡು ಹೊಡೆದು ಅಳೆದಿದ್ದೇನೆ, ಈಗ ಅಷ್ಟೇ ಬಲಕ್ಕೆ ಹಿಡಿಯುತ್ತೇನೆ.