ಹೆಲೆನ್ ಅಕ್ಕೋರು ಬಿಚ್ಚಿ ಹೊಲಿದ ಕೋಟು

ವಸ್ತ್ರವಿನ್ಯಾಸದ ಲೋಕವನ್ನು ಬಲ್ಲವರು ಬ್ರಿಟನ್ನಿನ ಶ್ರೀಮತಿ ಹೆಲೆನ್ ಆಶ್‌ಬಿ ಅವರನ್ನು ಮುರಿದ ಛತ್ರಿಗಳ ಬಟ್ಟೆಯಿಂದ ಕೋಟು ಹೊಲಿದವರೆಂದೋ, ಮೊಮ್ಮಕ್ಕಳನ್ನು ಕಂಡ ಅಜ್ಜಿಯರನ್ನು ಲಂಡನ್ನಿನ ಪ್ರದರ್ಶನ ವೇದಿಕೆಯ ಮೇಲೆ ನಡೆಸಿದವರೆಂದೋ, ಮಕ್ಕಳೊಂದಿಗೆ ತಾನೂ ಬೆಳೆಯುವ ಬಟ್ಟೆಯನ್ನು ಜಗತ್ತಿಗೆ ತೋರಿಸಿದವರೆಂದೋ ನೆನೆಯುತ್ತಾರೆ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹೊಲಿಗೆ ತರಬೇತಿ ಕೇಂದ್ರದ ಪಾಲಿಗೆ ಅವರು ಬರಿಯ ಹೆಲೆನ್ ಅಕ್ಕೋರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಇಪ್ಪತ್ತೆರಡು ವರ್ಷಗಳ ಕಾಲ ಹೆಚ್ಚುಕಡಿಮೆ ಪ್ರತಿ ಚಳಿಗಾಲದ ಮೂರು ತಿಂಗಳು ನಮಗೆ ಕಲಿಸಿ, ಎಪ್ಪತ್ತರ ಹೊಸ್ತಿಲಲ್ಲಿ ನಿವೃತ್ತರಾಗುತ್ತಿರುವ ಅವರ ಅಭಿನಂದನ ಗ್ರಂಥಕ್ಕೆ ನಾನೊಂದು ಲೇಖನ ಬರೆಯಬೇಕೆಂದು ಸಮಿತಿಯವರು ಕೇಳಿದಾಗ ನಾನು ಮೊದಲು ಬೇಡವೆಂದೆ. ಏಕೆಂದರೆ ಈ ಮಹನೀಯರಿಗೆ ಒಮ್ಮೆ 'ನೀವು ಕಳ್ಳಿ' ಎಂದು ಕಾಗದ ಬರೆದವಳು ನಾನೇ. ಫೋನಿನಲ್ಲಿ ಅಕ್ಕೋರಿಗೇ ಸಂಕೋಚ ತೋಡಿಕೊಂಡೆ. "ಭಾರತಿ, ಅದನ್ನೇ ಬರೆ. ಬೇರೆ ಬರೆದರೆ ನಾನು ಓದುವುದಿಲ್ಲ" ಎಂದರು.

ಹೆಲೆನ್ ಅಕ್ಕೋರು ಹುಟ್ಟಿದ್ದು ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿ. ತಂದೆ ಬಸ್ಸಿನ ಚಾಲಕರ ಸಮವಸ್ತ್ರಗಳನ್ನು ರಿಪೇರಿ ಮಾಡುವ ದರ್ಜಿ. ಹಳೆಯದನ್ನು ಸರಿಪಡಿಸುವ ಮನೆಯಲ್ಲಿ ಬೆಳೆದವರಿಗೆ ಹೊಸದರ ಮೇಲೆ ಅಷ್ಟಾಗಿ ಭಕ್ತಿ ಇರುವುದಿಲ್ಲ. ದೊಡ್ಡ ದೊಡ್ಡ ಅಂಗಡಿಗಳವರು ಇವರ ಹೆಸರಿಗೆ ಸಾಲುಗಟ್ಟಿ ನಿಂತ ಕಾಲದಲ್ಲಿಯೇ, ಎರಡು ಸಾವಿರದ ನಾಲ್ಕರ ಡಿಸೆಂಬರಿನಲ್ಲಿ, ಹೆಗಲಿಗೊಂದು ಚೀಲ ನೇತುಹಾಕಿಕೊಂಡು ನಮ್ಮ ಕೇಂದ್ರದ ಬಾಗಿಲಿಗೆ ಬಂದರು. ಅದೇ ವರ್ಷ ಸೇರಿದ್ದ ನಾನು ಮೊದಲ ತಂಡದ ವಿದ್ಯಾರ್ಥಿನಿ.

ಮೊದಲ ಆಘಾತ ಮೊದಲ ವಾರದಲ್ಲೇ ಆಯಿತು. ನಮ್ಮ ತಂಡದ ದೀಪಾಲಿ ಎಡಗೈಯವಳು. ಕತ್ತರಿಸಿದ್ದೆಲ್ಲ ಸೊಟ್ಟಗಾಗುತ್ತಿತ್ತು, ಬೈಗುಳ ತಪ್ಪುತ್ತಿರಲಿಲ್ಲ. ಅಕ್ಕೋರು ಅವಳ ಕೈಯನ್ನು ಎರಡು ದಿನ ಸುಮ್ಮನೆ ನೋಡಿದರು. ತಿಂಗಳೊಳಗೆ ಇಂಗ್ಲೆಂಡಿನಿಂದ ಒಂದು ಕತ್ತರಿ ಬಂತು. ನಾವೆಲ್ಲ ಬಲಗೈಯಲ್ಲಿ ಹಿಡಿದು ನೋಡಿದರೆ ಅದು ಬಟ್ಟೆಯನ್ನು ಕಡಿಯದೆ ಮಡಚುತ್ತಿತ್ತು. ದೀಪಾಲಿಯ ಕೈಯಲ್ಲಿ ಬೆಣ್ಣೆ ಕೊಯ್ದಂತೆ ಹೋಯಿತು. ಕತ್ತರಿಗೂ ಎಡ ಬಲ ಇರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಅಷ್ಟು ದಿನ ಅವಳನ್ನು ಬೈದವರ ಸಾಲಿನಲ್ಲಿ ನಾನೂ ಇದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎರಡನೆಯದು ನನ್ನ ಪರೀಕ್ಷೆಯ ದಿನ. ಚಿಕ್ಕ ಹುಡುಗಿಯ ಲಂಗ ರವಿಕೆ, ನಮ್ಮ ಕಡೆಯ ಪರಕಾರ ಪೋಲಕ, ಹೊಲಿದು ಇಸ್ತ್ರಿ ಮಾಡಿ ಇಟ್ಟಿದ್ದೆ. ಅಕ್ಕೋರು ಪೋಲಕವನ್ನು ಒಳಮುಖ ಹೊರಳಿಸಿ, ಕಂಕುಳ ಬಳಿ ಇದ್ದ ದಾರದ ತುದಿಯನ್ನು ಹಿಡಿದು ಎಳೆದೇಬಿಟ್ಟರು! ಪಕ್ಕದ ಹೊಲಿಗೆ ಸರ್ರನೆ ಕೆಳಗಿನವರೆಗೆ ಬಿಚ್ಚಿಕೊಂಡಿತು. ನನಗೆ ಕಣ್ಣಲ್ಲಿ ನೀರು. ಅವರ ಮುಖದಲ್ಲೋ ದೇವರನ್ನು ಕಂಡಂಥ ಬೆರಗು. ಏಕೆಂದರೆ ಬಟ್ಟೆ ಹರಿದಿರಲಿಲ್ಲ, ಎರಡು ಬೆರಳು ಅಗಲವಾಗಿತ್ತು. ಅಂಗಡಿಯ ಅಕ್ಕಿ ಚೀಲದ ಬಾಯಿಯ ಹೊಲಿಗೆ ಒಂದು ತುದಿ ಎಳೆದರೆ ಪೂರ್ತಿ ಬಿಚ್ಚುತ್ತದಲ್ಲ, ಅದೇ ಬಗೆಯ ಹೊಲಿಗೆಯಿಂದ ಒಳಗೆ ಮಡಿಕೆ ಹಿಡಿದಿಡುವುದು ನಮ್ಮ ಮನೆಯ ಪದ್ಧತಿ. ವರ್ಷಕ್ಕೊಂದು ದಾರ ಎಳೆದರೆ ಒಂದೇ ಪೋಲಕ ನಾಲ್ಕು ವರ್ಷ ಬರುತ್ತದೆ. ಯಾರು ಕಲಿಸಿದರೆಂದು ಕೇಳಿದರು. ನನ್ನನ್ನು ಹೆತ್ತ ಅವ್ವಿ, ಹೊನ್ನಮ್ಮ, ಎಂದೆ.

ಅಂಕೋಲೆಯ ಕೇಣಿಯಲ್ಲಿರುವ ನಮ್ಮ ಮನೆಗೆ ಅವರು ಮರುದಿನವೇ ಬಂದರು. ಅವ್ವಿ ಗದ್ದೆ ಕೂಲಿಯವಳು. ಕೆಲಸವಿಲ್ಲದ ದಿನಗಳಲ್ಲಿ ಕೇರಿಯ ಮಕ್ಕಳಿಗೆ ಕೈಯಿಂದ ತಿರುಗಿಸುವ ಮಶೀನಿನಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅಕ್ಕೋರು ನಾಲ್ಕು ದಿನ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಗಂಜಿ ಊಟ ಮಾಡಿ, ಪುಸ್ತಕದ ತುಂಬ ಚಿತ್ರ ಬರೆದುಕೊಂಡು ಹೋದರು.

ಮುಂದಿನ ಒಂಬತ್ತು ಚಳಿಗಾಲಗಳು ಸುಖವಾಗಿ ಕಳೆದವು. ನಾನು ಕೇಂದ್ರದಲ್ಲಿಯೇ ಶಿಕ್ಷಕಿಯಾದೆ. ಎರಡು ಸಾವಿರದ ಹದಿನಾಲ್ಕರ ಏಪ್ರಿಲ್ ತಿಂಗಳಲ್ಲಿ ನನ್ನ ಯಜಮಾನರಾದ ಸತೀಶ ಅವರು, "ನಿಮ್ಮ ಅಕ್ಕೋರು ವಿಡಿಯೋದಲ್ಲಿ ಬಂದಾರೆ ನೋಡು" ಎಂದು ಫೋನನ್ನು ನನ್ನ ಮುಂದೆ ಹಿಡಿದರು. ಲಂಡನ್ನಿನ ದೊಡ್ಡ ಸಭಾಂಗಣ. ಪುಟ್ಟ ಹುಡುಗಿಯೊಬ್ಬಳು ಕೋಟು ತೊಟ್ಟು ನಿಂತಿದ್ದಾಳೆ. ಅಕ್ಕೋರು ದಾರ ಎಳೆದರು, ಕೋಟು ಅಗಲವಾಯಿತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ವರ್ಷದ ಅತ್ಯುತ್ತಮ ಹೊಸ ಆವಿಷ್ಕಾರವೆಂದು ಬಹುಮಾನ ಕೈಗಿತ್ತವರು, ಇದು ಹೇಗೆ ಹೊಳೆಯಿತು ಎಂದು ಕೇಳಿದರು. ಅಕ್ಕೋರು ನಕ್ಕು, "ಕೆಲಸ ಮಾಡುತ್ತ ಮಾಡುತ್ತ ಕೈಗೇ ಹೊಳೆಯಿತು" ಎಂದರು.

ಅವ್ವಿಯ ಗಂಜಿ ಉಂಡವರು, ಅವಳ ಹೆಸರನ್ನೂ ಉಂಡುಬಿಟ್ಟರಲ್ಲ! ನನ್ನದು ಮೊದಲೇ ಬೇಗ ಸಿಡಿಯುವ ಸ್ವಭಾವ. ಆ ದಿನವೇ ನಿಘಂಟು ಹಿಡಿದು ಕಾಗದ ಬರೆದೆ. ಅದರ ಸಾರಾಂಶವನ್ನು ಆಗಲೇ ಹೇಳಿದ್ದೇನೆ. ಉತ್ತರ ಬರಲಿಲ್ಲ. ಡಿಸೆಂಬರಿನಲ್ಲಿ ಅವರೂ ಬರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ನಾನು ತವರಿನಲ್ಲಿದ್ದಾಗ, ಗೋವೆಯಿಂದ ಬಂದ ಕಾರೊಂದು ಕೇಣಿಯ ಮನೆಯ ಮುಂದೆ ನಿಂತಿತು. ಅಕ್ಕೋರು ಇಳಿದು ಬಂದು, ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವಿಯ ಮುಂದೆ ಆ ಬಹುಮಾನದ ಕೋಟನ್ನು ಇಟ್ಟು, ತಮ್ಮ ಬಿಡಿಬಿಡಿ ಕನ್ನಡದಲ್ಲಿ ಹೇಳಿದರು: "ಹೊನ್ನಮ್ಮ, ಇದು ನಿಮ್ಮದು. ನಾನು ಹೇಳಲಿಲ್ಲ. ಕದ್ದೆ."

ಅವ್ವಿಗೆ ನಾನು ಏನನ್ನೂ ತಿಳಿಸಿರಲಿಲ್ಲ. ಅವಳು ಹೌಹಾರುತ್ತಾಳೆಂದು ಕಾದೆ. ಅವಳೋ ಕೈಯನ್ನು ಸೀರೆಗೆ ಒರೆಸಿಕೊಂಡು, ಕೋಟನ್ನು ಹೊರಳಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಕದ್ದದ್ದು ಆಯ್ತು, ಸಮಾ ನೋಡ್ಕಂಡು ಕದೂಕೆ ಆಗ್ಲಿಲ್ವೇ ಅಕ್ಕೋರೇ? ದಾರದ ಬಾಲ ಸೊಂಟದಲ್ಲಿ ಬಿಟ್ಟೀರಿ. ಮಕ್ಕಳು ಆಡೂಕೆ ಹೋಗಿ ಎಳ್ಕಳದೆ ಬಿಡ್ತವೆ? ಬಾಲ ಕಂಕುಳಲ್ಲಿ ಇರ್ಬೇಕು. ಕೂತ್ಕಳಿ ಇಲ್ಲಿ, ಬಿಚ್ಚಿ."

ನಾನು ಕೂಗಿಯೇಬಿಟ್ಟೆ. "ಅವ್ವಿ, ಅವ್ರು ನಿನ್ ಹೆಸ್ರು ನುಂಗಾರೆ! ನೀ ಹೊಲಿಗೆ ಪಾಠ ಹೇಳ್ತೆ?"

"ಹೆಸ್ರಿಂದು ಆಮೇಲೆ ನೋಡ್ವ. ಇದ್ನ ಹಿಂಗೇ ಬಿಟ್ರೆ ಆ ಊರಿನ ಮಕ್ಕಳೆಲ್ಲ ಅಂಗಿ ಬಿಚ್ಕಂಡು ತಿರುಗ್ತವೆ."

ಸಭೆಯನ್ನೇ ಎಬ್ಬಿಸಿ ನಿಲ್ಲಿಸಿದ್ದ ಆ ಕೋಟನ್ನು ಹೆಲೆನ್ ಅಕ್ಕೋರು ನಮ್ಮ ಜಗುಲಿಯಲ್ಲಿ ಕನ್ನಡಕ ಏರಿಸಿಕೊಂಡು ಬಿಚ್ಚಿದರು. ಅವ್ವಿ ಮೂರು ಸಲ "ಇದಲ್ಲ" ಎಂದಳು. ಮೂರು ಸಲವೂ ಮತ್ತೆ ಹೊಲಿದರು. ನಾಲ್ಕನೆಯ ಸಲಕ್ಕೆ ಅವ್ವಿ ಎದ್ದು ಚಹಾಕ್ಕೆ ನೀರಿಟ್ಟಳು.

ಆ ವರ್ಷ ಅವರು ಅದೇ ಸಭಾಂಗಣದಲ್ಲಿ ನಿಂತು, ಈ ಹೊಲಿಗೆ ತಮ್ಮದಲ್ಲ, ಕೇಣಿಯ ಹೊನ್ನಮ್ಮನದು ಎಂದು ಸಾರಿ ಬಹುಮಾನವನ್ನು ಹಿಂದಿರುಗಿಸಿದರು. ಪತ್ರಿಕೆಗಳು ಆಡಿಕೊಂಡವು, ಅವರ ಬಟ್ಟೆ ಮಾರುತ್ತಿದ್ದ ಕಂಪನಿ ಕೈಬಿಟ್ಟಿತು, ಎರಡು ವರ್ಷ ಯಾವ ವೇದಿಕೆಯೂ ಅವರನ್ನು ಕರೆಯಲಿಲ್ಲ. ಅಷ್ಟಾದರೂ ಕೋಡಿಬಾಗದ ಪಾಠ ಮತ್ತೆ ತಪ್ಪಲಿಲ್ಲ. ಆಮೇಲೆ ಅವರು ಹೊಲಿದ ಪ್ರತಿ ಕೋಟಿನ ಒಳಗೂ 'ಹೊನ್ನಮ್ಮ, ಕೇಣಿ' ಎಂಬ ಕನ್ನಡ ಅಕ್ಷರಗಳ ಲೇಬಲ್ ಇದೆ. ನನ್ನ ಕಾಗದಕ್ಕಾಗಿ ಕ್ಷಮೆ ಕೇಳಿದರೆ, "ಬೇಡ. ಅದು ಸರಿಯಾದ ಕಾಗದ" ಎಂದರು. ತಪ್ಪು ಮಾಡದವರನ್ನು ಗೌರವಿಸುವುದು ಸುಲಭ; ಮಾಡಿದ ತಪ್ಪನ್ನು ಇಷ್ಟು ನಷ್ಟಪಟ್ಟು ತಿದ್ದಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಲೇಖನವನ್ನು ಇಲ್ಲಿಗೆ ಮುಗಿಸಿ, ಕಳೆದ ಭಾನುವಾರ ಕೇಣಿಗೆ ಹೋಗಿ ಅವ್ವಿಗೆ ಓದಿ ಹೇಳಿದೆ. ಅವಳಿಗೀಗ ಎಂಬತ್ತೊಂದು. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಚೊಲೋ ಬರ್ದೆ. ಮಾದಿ ಹೆಸ್ರು ಎಲ್ಲಿ ಅದೆ?"

"ಯಾವ ಮಾದಿ?"

"ನನ್ನ ಅವ್ವಿ. ಅವ್ಳೇ ಅಲ್ವೇ ಕಲ್ಸಿದ್ದು? ಮಶೀನು ಎಲ್ಲಿತ್ತು, ಬರೀ ಸೂಜೀಲಿ ಹೊಲಿತಿತ್ತು."

ನಾನು ದಂಗಾದೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜಿ. ಮನೆಯಲ್ಲಿ ಎಲ್ಲರೂ ಅವಳನ್ನು 'ಮುದುಕಿ' ಎಂದೇ ನೆನೆಯುತ್ತಿದ್ದರು. ಇನ್ನೊಬ್ಬರಿಗೆ ಕಳ್ಳಿ ಎಂದು ಕಾಗದ ಬರೆದವಳಿಗೆ ಸ್ವಂತ ಅಜ್ಜಿಯ ಹೆಸರು ಗೊತ್ತಿರಲಿಲ್ಲ.

"ಮತ್ತೆ ಲೇಬಲ್ಲಲ್ಲಿ ನಿನ್ ಹೆಸ್ರು ಬಂದಾಗ ಯಾಕೆ ಹೇಳ್ಲಿಲ್ಲ ಅವ್ವಿ?"

ಅವಳು ಸೆರಗಿನ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಚ್ಚಿದಳು.

"ನನ್ ಹೆಸ್ರು ಬಟ್ಟೆ ಮೇಲೆ ನೋಡೂಕೆ ಚೊಲೋ ಕಂಡ್ತು ಮಗಾ" ಎಂದಳು. "ಸುಮ್ನಾದೆ."

ಈ ಮಾತನ್ನು ಫೋನಿನಲ್ಲಿ ಅಕ್ಕೋರಿಗೆ ಹೇಳುವಾಗ ನನಗೆ ಅಳು ಬಂತು. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮಾದಿ" ಎಂದು ಎರಡು ಸಲ ಹೇಳಿ ಕಲಿತುಕೊಂಡರು. ಹೊಸ ಲೇಬಲ್ಲಿಗೆ ಅಕ್ಷರ ಬರೆದು ಕಳಿಸು ಎಂದರು. ಆಮೇಲೆ, "ಮಾದಿಗೆ ಕಲಿಸಿದ್ದು ಯಾರು?" ಎಂದು ಕೇಳಿದರು.

ಹೆಲೆನ್ ಅಕ್ಕೋರು ನೂರು ವರ್ಷ ಬಾಳಲಿ. ಬರುವ ಡಿಸೆಂಬರಿನಲ್ಲಿ ಬಂದು ಆ ಲೇಬಲ್ಲುಗಳನ್ನು ತಮ್ಮ ಕೈಯಿಂದಲೇ ಹೊಲಿಯಲಿ. ಅವರ ತಪ್ಪು ಹಿಡಿಯಲು ನಮ್ಮ ಅವ್ವಿಯೂ ಗಟ್ಟಿಯಾಗಿ ಕುಳಿತಿರಲಿ. ಇನ್ನೂ ಬರೆಯುವುದಿತ್ತು, ಓದುಗರು ಕ್ಷಮಿಸಬೇಕು. ಅಕ್ಕೋರ ಆ ಪ್ರಶ್ನೆಗೆ ಉತ್ತರ ಗೊತ್ತಿರಬಹುದಾದವಳು ಒಬ್ಬಳೇ ಉಳಿದಿದ್ದಾಳೆ, ಅವಳಿಗೆ ಎಂಬತ್ತೊಂದು. ನಾನು ಈಗಲೇ ಅಂಕೋಲೆಯ ಬಸ್ಸು ಹಿಡಿಯಬೇಕು.