ಕಿಟಕಿ ಹಾಕಿ ಓದು ಅಳೆಯುವ ಅಕ್ಕ

ನಾನು ಹುಟ್ಟಿದ ಗಳಿಗೆಯಲ್ಲೇ ನರ್ಸಮ್ಮನ ಕೈಲಿದ್ದ ಔಷಧದ ಚೀಟಿ ಓದಿ, ಅದರಲ್ಲಿದ್ದ ತಪ್ಪು ತಿದ್ದಿದವನು. ನಂಬದಿದ್ದರೆ ಬಿಡಿ, ನಷ್ಟ ನಿಮಗೇ. ಅಂಥ ನನಗೂ ಈ ಹೆಂಗಸಿನ ಮುಂದೆ ಕೂತು ಓದು ಅಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ.

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಸರ್ಕಾರಿ ಶಾಲೆಯ ಗೇಟಿನ ಬೀಗ ತೆಗೆದು, ಬೆಂಚಿನ ಧೂಳು ಒರೆಸುತ್ತಿದ್ದಾರೆ ಓದಿನಕ್ಕ. ಮಕ್ಕಳು ಇಟ್ಟ ಹೆಸರು ಅದು. ನಾಲ್ಕನೇ ಕ್ಲಾಸಿಗೆ ಬಂದರೂ ಓದಲು ಬಾರದ ಮಕ್ಕಳಿಗೆ ಶಾಲೆ ಶುರುವಾಗುವ ಮುಂಚೆಯೇ ಪಾಠ ಮಾಡುವುದು, ಆಗಾಗ ಒಬ್ಬೊಬ್ಬರನ್ನೇ ಕೂರಿಸಿ ಎಷ್ಟು ಓದುತ್ತಾರೆಂದು ಅಳೆಯುವುದು ಇವರ ಕೆಲಸ. ಹಂಗಾಮಿ ನೌಕರಿ; ಕೂರುವ ಕುರ್ಚಿಯೂ ಪಕ್ಕದ ಕೋಣೆಯಿಂದ ಎರವಲು. "ಊರ ಮಕ್ಕಳನ್ನೆಲ್ಲ ಓದಿಸ್ತಾಳೆ, ನನ್ನ ಕನ್ನಡಕ ಹುಡುಕಿಕೊಡೋಕೆ ಮಾತ್ರ ಪುರುಸೊತ್ತಿಲ್ಲ ನಮ್ಮ ಸೊಸೆಗೆ" ಎಂದು ಅತ್ತೆ ಗೊಣಗುತ್ತಾರೆ. ಗೊಣಗುತ್ತಲೇ ಬುತ್ತಿ ಕಟ್ಟಿಕೊಡುತ್ತಾರೆ.

ಈ ವರ್ಷ ಶಾಲೆಯಲ್ಲಿ ಒಂದು ಪವಾಡ ನಡೆಯಿತು. ಅಳೆಯುವ ದಿನ ಅಕ್ಕ ಕೊಟ್ಟಿದ್ದು ಟೋಪಿ ತಿಂದ ಮೇಕೆಯ ಕಥೆ. ಮೊದಲು ಬಂದವನು ಸಾಲುಸಾಲಿಗೂ ಮುಗ್ಗರಿಸಿದ. ಎರಡನೆಯವಳು ಪರವಾಗಿಲ್ಲ. ಆಮೇಲೆ ಬಂದವರೆಲ್ಲ ನೀರು ಕುಡಿದಷ್ಟು ಸಲೀಸಾಗಿ ಓದಿದರು! ದೊಡ್ಡ ಮೇಷ್ಟ್ರು ಖುಷಿಗೆ ಎಷ್ಟೆತ್ತರ ಹಾರಿದರೆಂದರೆ, ತಲೆ ಫ್ಯಾನಿಗೆ ತಾಗಿ ಇಡೀ ಬೀದಿಯ ಕರೆಂಟು ಹೋಯಿತು.

ಕೊನೆಗೆ ಬಂದದ್ದು ಬುಗುರಿ, ಒಂದು ಕಡೆ ನಿಲ್ಲದ ಪೋರಿ. ಹಾಳೆಯನ್ನು ತಲೆಕೆಳಗಾಗಿ ಹಿಡಿದುಕೊಂಡೇ ಕಥೆಯನ್ನು ಗಡಗಡ ಒಪ್ಪಿಸಿದಳು.

"ಲೇ ಬುಗುರಿ, ಮೇಕೆ ಅಂತ ಎಲ್ಲಿದೆ ತೋರಿಸು."

ಹುಡುಗಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಟೋಪಿ ತಿಂದ್ಕೊಂಡು ಆಗಲೇ ಹೋಯ್ತಲ್ಲಕ್ಕಾ!"

ಸರದಿ ಕಾಯುತ್ತಿದ್ದ ಮಕ್ಕಳು ತೆರೆದ ಕಿಟಕಿಯಡಿ ಕೂತು, ಒಳಗೆ ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಬಿಟ್ಟಿದ್ದರು. "ಎಲ್ಲರಿಗೂ ಒಂದೇ ಕಥೆ ಕೊಟ್ಟೆ, ಕಿಟಕೀನೂ ಹಾಕ್ಲಿಲ್ಲ. ತಪ್ಪು ನಂದು. ಅವಕ್ಕೆ ಕಿವಿ ಚುರುಕು, ಅಷ್ಟೇ" ಎಂದು ಅಕ್ಕ ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಅವತ್ತು ನಗು ಬಂದಿರಲಿಲ್ಲ. ಮಕ್ಕಳು ಓದಲು ಕಲಿತರೆಂದು ಗೊತ್ತಾದರೆ ಬೆಳಗಿನ ಪಾಠ ನಿಲ್ಲಿಸಿ ಎಂಬುದು ಮೇಲಿನ ಕಚೇರಿಯ ಅಪ್ಪಣೆ.

"ಎಷ್ಟು ಚೆಂದದ ಫಲಿತಾಂಶ! ಕಳಿಸಿಬಿಡೋಣ ಬಿಡಮ್ಮ" ಎಂದರು ದೊಡ್ಡ ಮೇಷ್ಟ್ರು.

"ಕಳಿಸಿದ್ರೆ ಪಾಠ ನಿಲ್ಲುತ್ತೆ ಸಾರ್. ಬುಗುರಿ ಹೀಗೇ ಐದನೇ ಕ್ಲಾಸಿಗೆ ಹೋಗ್ತಾಳೆ."

ಮೇಷ್ಟ್ರು ತಲೆ ಕೆರೆದುಕೊಂಡರು. "ಹಂಗಾದ್ರೆ ಇನ್ನೊಂದ್ಸಲ ಅಳೆದು ನೋಡಮ್ಮ. ಕಿಟಕಿ ನಾನೇ ಹಾಕ್ತೀನಿ."

ಈ ಸಲ ಒಬ್ಬೊಬ್ಬರಿಗೆ ಒಂದೊಂದು ಕಥೆ. ಫಲಿತಾಂಶ ನೆಲಕಚ್ಚಿತು, ಪಾಠ ಉಳಿಯಿತು. "ಎಲ್ಲಿ ಮುಗ್ಗರಿಸ್ತಾರೆ ಅಂತ ಗೊತ್ತಾದ್ರೆ ಅಲ್ಲಿಂದ ಕೈಹಿಡಿದು ನಡೆಸಬಹುದು. ಒಬ್ಬನಿಗೆ ಒತ್ತಕ್ಷರ ಕಂಡ್ರೆ ಭಯ, ಇನ್ನೊಬ್ಬಳು ದೀರ್ಘಗಳನ್ನೆಲ್ಲ ನುಂಗ್ತಾಳೆ" ಎನ್ನುತ್ತಾರೆ ಅಕ್ಕ.

ಈಗ ಬಂದು ನೋಡಿ! ಅಂಗಡಿ ಬೋರ್ಡು, ಸೋಪಿನ ಕವರು, ಯಾವುದನ್ನೂ ಮಕ್ಕಳು ಬಿಡುವುದಿಲ್ಲ. ಬುಗುರಿಯಂತೂ ಅಪ್ಪನ ಕ್ಷೌರದಂಗಡಿಯಲ್ಲಿ ಪೇಪರು ಓದಿ ಹೇಳುತ್ತಾಳೆ; ಕೇಳುತ್ತ ಮೈಮರೆತ ಗಿರಾಕಿಗಳ ಗಡ್ಡ ಮೊಣಕಾಲಿಗಿಳಿದಿದೆ. ಶಾಲೆಯ ಒಂದೊಂದು ಮಗುವೂ ಅರಳು ಹುರಿದಂತೆ ಓದುತ್ತಿದೆ.

ಇಷ್ಟು ಬರೆದು ಅಕ್ಕನಿಗೆ ತೋರಿಸಿದೆ. ಅವರ ಪೆನ್ಸಿಲ್ಲು ಕೊನೆಯ ಸಾಲಿನ ಮೇಲೆ ನಿಂತಿತು.

"ಒಂದೊಂದು ಮಗುವೂ ಅಂತ ಯಾರಪ್ಪ ಹೇಳಿದ್ದು ನಿಮಗೆ?"

"ಅದು... ಸ್ವಲ್ಪ ಒಗ್ಗರಣೆ, ಅಕ್ಕಾ."

"ನಿಮ್ಮ ಒಗ್ಗರಣೆ ಕಚೇರಿಯವರ ಮೂಗಿಗೆ ಬಡಿದ್ರೆ ಬೆಳಗಿನ ಪಾಠಕ್ಕೆ ಕಲ್ಲು ಬೀಳುತ್ತೆ. ಇದ್ದದ್ದು ಇದ್ದ ಹಾಗೆ ಬರೀರಿ."

ಸಿಕ್ಕಿಬಿದ್ದೆ. ಇದ್ದದ್ದು ಇಷ್ಟು: ಅರ್ಧದಷ್ಟು ಮಕ್ಕಳು ಚೆನ್ನಾಗಿ ಓದುತ್ತಾರೆ. ಉಳಿದವರು ಇನ್ನೂ ಮುಗ್ಗರಿಸುತ್ತಾರೆ, ನಕ್ಕು ಮತ್ತೆ ಮೊದಲಿಂದ ಶುರುಮಾಡುತ್ತಾರೆ. ಬುಗುರಿ ಓದುವುದು ಪೇಪರಿನ ದಪ್ಪಕ್ಷರದ ತಲೆಬರಹ ಮಾತ್ರ, ಅದೂ ಬೆರಳಿಟ್ಟುಕೊಂಡು. ಹಾಗಾಗಿ, ಕಚೇರಿಯ ದೊಡ್ಡವರೇ, ಬೆಳಗಿನ ಪಾಠ ಮುಂದಿನ ವರ್ಷಕ್ಕೂ ಬೇಕು. ಈ ಮಾತಿಗೆ ಮಾತ್ರ ನಾನು ಏನನ್ನೂ ಸೇರಿಸಿಲ್ಲ.